ಮೈಸೂರಿನ ಭಾನುವಾರದ ಗ್ರಿಡ್ ಕ್ಲಾಸ್: ಸ್ಟೇಷನ್ ಆಪರೇಟರ್ ಒಬ್ಬಳ ಅನುಭವ

ಎಂಟು ಭಾನುವಾರ ಮಂಡ್ಯದಲ್ಲಿ ರೈಲು ಹತ್ತಿ ಮೈಸೂರಿನ ಸರಸ್ವತಿಪುರಂಗೆ ಹೋಗಿ ಬಂದೆ. ಅಲ್ಲಿ ರಿಟೈರ್ ಆದ ಎಲೆಕ್ಟ್ರಿಕಲ್ ಮೇಷ್ಟ್ರೊಬ್ಬರು ಮನೆ ಮಹಡಿಯಲ್ಲಿ ಪವರ್ ಗ್ರಿಡ್ (ಊರೂರಿಗೆ ಕರೆಂಟ್ ಒಯ್ಯುವ ಲೈನುಗಳ ಜಾಲ) ಭದ್ರತೆಯ ಪಾಠ ಹೇಳುತ್ತಾರೆ. ಇರುವುದು ಹನ್ನೆರಡೇ ಕುರ್ಚಿ. ಎಂಟು ವಾರಕ್ಕೆ ಎರಡು ಸಾವಿರ ರೂಪಾಯಿ.

ನಾನು 66 ಕೆವಿ (66 ಸಾವಿರ ವೋಲ್ಟ್) ವಿದ್ಯುತ್ ಸ್ಟೇಷನ್‌ನಲ್ಲಿ ಆಪರೇಟರ್. ಗಂಟೆಗೊಮ್ಮೆ ರೀಡಿಂಗ್ ಬರೆಯಬೇಕು. ಲೈನ್‌ಮನ್ ಕೇಳಿದರೆ ಎಲ್‌ಸಿ, ಅಂದರೆ ಲೈನ್ ಬಂದ್ ಮಾಡಿ ಕೆಲಸಕ್ಕೆ ಅನುಮತಿ, ಕೊಡಬೇಕು. ಮೇಲಿನಿಂದ ಫೋನ್ ಬಂದರೆ ಫೀಡರ್, ಅಂದರೆ ಊರುಗಳಿಗೆ ಹೋಗುವ ಲೈನ್, ತೆಗೆಯಬೇಕು. ತೆಗೆದ ಐದೇ ನಿಮಿಷಕ್ಕೆ ಕಬ್ಬಿಗೆ ನೀರು ಬಿಟ್ಟವರ ಫೋನ್ ಶುರು. 'ಯಾಕವ್ವ ತೆಗೆದೆ?' ಅಂದರೆ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ. ಅದಕ್ಕೇ ಸೇರಿದ್ದು.

ಉತ್ತರ ಮೊದಲ ದಿನವೇ ಸಿಕ್ಕಿತು. ಉತ್ಪಾದನೆಗಿಂತ ಬಳಕೆ ಜಾಸ್ತಿಯಾದರೆ ಫ್ರೀಕ್ವೆನ್ಸಿ, ಅಂದರೆ ಕರೆಂಟಿನ ಅಲೆ ಸೆಕೆಂಡಿಗೆ ಎಷ್ಟು ಸಲ ಬರುತ್ತದೆ ಅನ್ನುವ ಲೆಕ್ಕ, 50ರಿಂದ ಇಳಿಯುತ್ತದೆ. ತುಂಬಾ ಇಳಿದರೆ ಜನರೇಟರ್‌ಗಳು ತಮ್ಮನ್ನು ಉಳಿಸಿಕೊಳ್ಳಲು ಟ್ರಿಪ್ ಆಗುತ್ತವೆ. ಆಗ ಕೊರತೆ ಇನ್ನೂ ಹೆಚ್ಚುತ್ತದೆ. ಹಾಗಾಗದಿರಲಿ ಅಂತಲೇ ಫೀಡರ್ ತೆಗೆದು ಬಳಕೆ ಇಳಿಸುವುದು. 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯದ ಗ್ರಿಡ್‌ಗಳು ಬಿದ್ದು ಸುಮಾರು 60 ಕೋಟಿ ಜನರ ಊರುಗಳಿಗೆ ಕರೆಂಟ್ ಹೋಯಿತು. ನಮ್ಮ ದಕ್ಷಿಣ ಉಳಿಯಿತು, ಯಾಕೆಂದರೆ ಆಗ ಫ್ರೀಕ್ವೆನ್ಸಿಯನ್ನು ಒಂದಾಗಿಸುವ ಎಸಿ ಲೈನಿನಲ್ಲಿ ಅವರ ಜೊತೆ ಸೇರಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಲೈನ್ ನಮ್ಮನ್ನೂ ಸೇರಿಸಿತು. ಈಗ ದೇಶಕ್ಕೆಲ್ಲ ಒಂದೇ ಫ್ರೀಕ್ವೆನ್ಸಿ. ಮರುದಿನ ಶಿಫ್ಟ್‌ನಲ್ಲಿ ಮೀಟರ್ 49.92 ತೋರಿಸುತ್ತಿತ್ತು. ವರ್ಷಗಟ್ಟಲೆ ಸುಮ್ನೆ ಬರೆದಿಟ್ಟ ಅಂಕಿ ಅದು. ಅವತ್ತು ತುಂಬಾ ಹೊತ್ತು ನೋಡುತ್ತಾ ನಿಂತೆ.

ನನಗೆ ಬಹಳ ಹಿಡಿಸಿದ್ದು ಪ್ರೊಫೆಸರ್ ಅರುಣ್ ಫಡ್ಕೆ ಅವರ ಬದುಕಿನ ಬಗ್ಗೆ ಹೇಳಿದ ಪಾಠ. ಖರಗ್‌ಪುರ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋದವರು. ಕಂಪ್ಯೂಟರ್‌ನಿಂದ ನಡೆಯುವ ರಿಲೇ (ಲೈನಿನಲ್ಲಿ ದೋಷ ಕಂಡರೆ ಕಡಿಯಲು ಹೇಳುವ ಸಾಧನ) ಮಾಡಲು ಹೊರಟ ಕೆಲಸವೇ ಬೆಳೆದು, 1988ರಲ್ಲಿ ಅಮೆರಿಕದ ವರ್ಜಿನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಪಿಎಂಯು (ಫೇಸರ್ ಮೆಷರ್‌ಮೆಂಟ್ ಯೂನಿಟ್) ಆಯಿತು. ಈ ಕೆಲಸದಲ್ಲಿ ಇಂಜಿನಿಯರ್ ಜೇಮ್ಸ್ ಥಾರ್ಪ್ ಜೊತೆಗಿದ್ದರು. ಜಿಪಿಎಸ್ ಸಮಯ ಹಿಡಿದು, ನೂರಾರು ಕಿಲೋಮೀಟರ್ ದೂರದ ಎರಡು ಸ್ಟೇಷನ್‌ಗಳ ವೋಲ್ಟೇಜ್ ಕೋನವನ್ನು (ಒಂದರ ಅಲೆ ಇನ್ನೊಂದಕ್ಕಿಂತ ಎಷ್ಟು ಹಿಂದೆ-ಮುಂದೆ ಅನ್ನುವುದನ್ನು) ಒಂದೇ ಕ್ಷಣದಲ್ಲಿ ಅಳೆಯುವ ಯಂತ್ರ ಇದು. ಮೇಷ್ಟ್ರು ಬೋರ್ಡ್ ಮೇಲೆ ತೇರಿನ ಹಗ್ಗ ಬರೆದರು. ಕೋನ ಹಿಗ್ಗಿದಷ್ಟೂ ಹಗ್ಗ ಬಿಗಿಯಾಗುತ್ತಿದೆ ಅಂತ ಅರ್ಥ. ಕಡಿಯುವ ಮುಂಚೆ ಗೊತ್ತಾಗಬೇಕು, ಅಲ್ವಾ? ದಿನಾ ರಿಲೇ ಪ್ಯಾನೆಲ್ ಮುಂದೆ ಕೂರುವ ನನಗೆ ಇದು ನಮ್ಮ ಮನೆ ಮಾತೇ ಅನ್ನಿಸಿತು.

ಕೊರತೆಯೂ ಇದೆ. ನಾಲ್ಕು, ಐದನೇ ವಾರ ಪೂರ್ತಿ ಮ್ಯಾಟ್ರಿಕ್ಸ್ ಲೆಕ್ಕ. ಡಿಪ್ಲೊಮಾ ಓದಿದವರಿಗೆ ಕಷ್ಟ. ಅಚ್ಚು ಹಾಕಿದ ನೋಟ್ಸ್ ಕೊಡುವುದಿಲ್ಲ, ಬೋರ್ಡಿನ ಫೋಟೊ ತೆಗೆದುಕೊಳ್ಳಬೇಕು. ಸೈಬರ್ ದಾಳಿಗೆ ಒಂದೇ ಗಂಟೆ ಕೊಟ್ಟಿದ್ದು ನನಗೆ ಬೇಸರ. 2015ರ ಡಿಸೆಂಬರ್‌ನಲ್ಲಿ ಉಕ್ರೇನ್‌ನಲ್ಲಿ ಇಮೇಲ್ ಮೂಲಕ ಒಳನುಗ್ಗಿದವರು ದೂರದಿಂದಲೇ ಬ್ರೇಕರ್ (ಲೈನಿನ ದೊಡ್ಡ ಸ್ವಿಚ್) ತೆರೆದು ಕರೆಂಟ್ ಕಡಿದರು. ಸುಮಾರು 2.25 ಲಕ್ಷ ಗ್ರಾಹಕರಿಗೆ ಕತ್ತಲು. ಕೊನೆಗೆ ಸಿಬ್ಬಂದಿ ಸ್ಟೇಷನ್‌ಗಳಿಗೆ ಹೋಗಿ ಕೈಯಿಂದ ಬ್ರೇಕರ್ ಹಾಕಿದರು. ಹಾಗೆ ಹೋಗಿ ಹಾಕುವವರು ನಮ್ಮಂಥವರೇ. ಅದಕ್ಕೆ ಎರಡು ಭಾನುವಾರವಾದರೂ ಬೇಕು. ಮೇಷ್ಟ್ರಿಗೂ ಹೇಳಿದ್ದೇನೆ.

ಹೋದ ವಾರ ಫೀಡರ್ ತೆಗೆದಾಗ ಒಬ್ಬ ಅಜ್ಜ ಫೋನ್ ಮಾಡಿದರು. ಫ್ರೀಕ್ವೆನ್ಸಿ ವಿಷಯ ಬಿಡಿಸಿ ಹೇಳಿದೆ. 'ಓ, ಎಲ್ಲರ ಮನೇದೂ ಉಳೀಲಿ ಅಂತಲಾ' ಅಂದರು. ನಮ್ಮ ಸ್ಟೇಷನ್‌ನ ಇನ್ನಿಬ್ಬರು ಆಪರೇಟರ್‌ಗಳು ಮುಂದಿನ ಬ್ಯಾಚ್‌ಗೆ ಹೆಸರು ಕೊಟ್ಟಿದ್ದಾರೆ.