ಇಗ್ಬೊ ವಿದ್ವಾಂಸರ ಡೈರೆಕ್ಟರಿಗೆ ವಿಕಿಡೇಟಾ ಎಷ್ಟು ಒದಗುತ್ತದೆ?

ಆಗ್ನೇಯ ನೈಜೀರಿಯಾದ ಅಬಿಯಾ, ಅನಾಂಬ್ರಾ, ಎಬೊನ್ಯಿ, ಎನುಗು ಮತ್ತು ಇಮೊ ರಾಜ್ಯಗಳು ಇಗ್ಬೊ ಜನರ ತವರು. ಅವರ ಭಾಷೆ, ಇತಿಹಾಸ, ಕಲೆ ಮತ್ತು ಸಮಾಜವನ್ನು ಅಧ್ಯಯನ ಮಾಡುವವರು ಎನ್‌ಸುಕ್ಕಾ ಮತ್ತು ಅವ್ಕಾದ ವಿಶ್ವವಿದ್ಯಾಲಯಗಳಲ್ಲಷ್ಟೇ ಅಲ್ಲ, ಅಮೆರಿಕ ಮತ್ತು ಬ್ರಿಟನ್ನಿನಲ್ಲಿಯೂ ಚದುರಿದ್ದಾರೆ. ಇವರೆಲ್ಲರೂ ಒಂದೇ ಕಡೆ ಸಿಗುವಂತಹ ಆನ್‌ಲೈನ್ ಡೈರೆಕ್ಟರಿಯೊಂದನ್ನು ಕಟ್ಟಬೇಕಾದರೆ ವಿಕಿಡೇಟಾ ಎಂಬ ಉಚಿತ ದತ್ತಾಂಶ ಸೇವೆಯನ್ನು ತಳಪಾಯವಾಗಿ ಇಟ್ಟುಕೊಳ್ಳಬಹುದೇ ಎಂಬುದನ್ನು ಪರೀಕ್ಷಿಸಲು, ನನಗೆ ಓದಿನಿಂದ ಪರಿಚಿತವಾಗಿದ್ದ ಹತ್ತು ಹನ್ನೆರಡು ವಿದ್ವಾಂಸರ ಹೆಸರುಗಳನ್ನು ಇಟ್ಟುಕೊಂಡು ಕೆಲವು ವಾರ ಕೆಲಸ ಮಾಡಿದೆ. ಗ್ರಂಥಸೂಚಿ ಸಿದ್ಧಪಡಿಸುವುದು ನನ್ನ ವೃತ್ತಿಯಾದ್ದರಿಂದ ನನ್ನ ಗಮನ ಹೆಚ್ಚಾಗಿ ಹರಿದದ್ದು ಹೆಸರುಗಳ ಕಡೆಗೆ.

2012ರ ಅಕ್ಟೋಬರ್‌ನಲ್ಲಿ ಆರಂಭವಾದ ವಿಕಿಡೇಟಾದಲ್ಲಿ ಪ್ರತಿಯೊಬ್ಬ ವ್ಯಕ್ತಿಗೂ, ಊರಿಗೂ, ಸಂಸ್ಥೆಗೂ ‘ಕ್ಯೂ’ ಅಕ್ಷರದಿಂದ ಮೊದಲಾಗುವ ಒಂದು ಸಂಖ್ಯೆ ಇರುತ್ತದೆ. ಅದರ ಕೆಳಗೆ ಹುಟ್ಟಿದ ವರ್ಷ, ಓದಿದ ವಿಶ್ವವಿದ್ಯಾಲಯ, ಕೆಲಸ ಮಾಡಿದ ಸಂಸ್ಥೆ, ಅಧ್ಯಯನದ ಕ್ಷೇತ್ರ ಮುಂತಾದವುಗಳನ್ನು ಒಂದೊಂದು ಹೇಳಿಕೆಯಾಗಿ, ಆಧಾರದ ಸಮೇತ, ಯಾರು ಬೇಕಾದರೂ ಸೇರಿಸಬಹುದು. ಸೇರಿಸಿದ ದತ್ತಾಂಶ ಯಾರ ಹಕ್ಕಿಗೂ ಒಳಪಡದೆ ಎಲ್ಲರ ಬಳಕೆಗೆ ಮುಕ್ತವಾಗಿರುತ್ತದೆ. ಹಣದ ಕೊರತೆಯಿಂದ ಡೈರೆಕ್ಟರಿಯ ತಾಣವೇ ಮುಚ್ಚಿಹೋದರೂ ಅದಕ್ಕಾಗಿ ಪಟ್ಟ ಶ್ರಮ ಉಳಿಯುತ್ತದೆ ಎಂಬುದು ನನ್ನ ದೃಷ್ಟಿಯಲ್ಲಿ ಈ ಸೇವೆಯ ದೊಡ್ಡ ಗುಣ.

ಇದೇ ಕೆಲಸಕ್ಕೆ ಮೊದಲು ನೆನಪಾಗುವ ಮತ್ತೊಂದು ಸೇವೆ ಆರ್ಕಿಡ್. ಸಂಶೋಧಕರು ತಾವೇ ನೋಂದಾಯಿಸಿಕೊಂಡು ಹದಿನಾರು ಅಂಕಿಗಳ ಗುರುತನ್ನು ಉಚಿತವಾಗಿ ಪಡೆಯುವ ಈ ವ್ಯವಸ್ಥೆಯೂ 2012ರಲ್ಲಿಯೇ ಆರಂಭವಾಯಿತು. ಇಂದು ಬರೆಯುತ್ತಿರುವ ಪ್ರಾಧ್ಯಾಪಕರ ಮಟ್ಟಿಗೆ ಅದು ತುಂಬ ಚೆನ್ನಾಗಿದೆ. ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವ ಅಧಿಕಾರ ಅಲ್ಲಿ ಅವರ ಕೈಯಲ್ಲಿಯೇ ಇರುತ್ತದೆ. ಆದರೆ ಇಗ್ಬೊ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಅನೇಕರು ಆ ವೇಳೆಗೆ ಬದುಕಿರಲಿಲ್ಲ. ಇತಿಹಾಸಕಾರ ಕೆನೆತ್ ಒನ್ವುಕಾ ಡಿಕೆ 1983ರಲ್ಲಿಯೂ, ವಸಾಹತು ಆಡಳಿತ ನೇಮಿಸಿದ ‘ವಾರಂಟ್ ಮುಖ್ಯಸ್ಥ’ರ ಚರಿತ್ರೆಯನ್ನು ಬರೆದ ಆಡಿಯೆಲೆ ಅಫಿಗ್ಬೊ 2009ರಲ್ಲಿಯೂ ತೀರಿಕೊಂಡರು. 1949ರಲ್ಲಿ ಇಗ್ಬೊ ಭಾಷೆ ಮತ್ತು ಸಂಸ್ಕೃತಿಯ ಉತ್ತೇಜನಕ್ಕಾಗಿ ಸಂಘ ಕಟ್ಟಿ, ಪಠ್ಯಪುಸ್ತಕಗಳನ್ನೂ ಗಾದೆಗಳ ಸಂಕಲನವನ್ನೂ ತಂದ ಎಫ್. ಸಿ. ಒಗ್ಬಾಲು ಅವರಂತಹವರನ್ನು ಈಗಿನ ಸಂಶೋಧನ ಪತ್ರಿಕೆಗಳ ಲೆಕ್ಕದಿಂದ ಅಳೆಯಲು ಹೊರಟರೆ ಅವರು ಕಣ್ಣಿಗೇ ಬೀಳುವುದಿಲ್ಲ. ವಿಕಿಡೇಟಾದಲ್ಲಿ ಇಂತಹವರಿಗೂ ಸ್ಥಳವಿದೆ. ಗಂಭೀರವಾದ, ಸಾರ್ವಜನಿಕವಾಗಿ ಸಿಗುವ ಆಧಾರವೊಂದಿದ್ದರೆ ಸಾಕು. ನಾನು ಇದರ ಕಡೆಗೆ ವಾಲಲು ಮುಖ್ಯ ಕಾರಣವೇ ಇದು.

ಆ ಆಧಾರ ಹುಡುಕುವುದು ಮಾತ್ರ ಸುಲಭವಲ್ಲ. 1967ರಲ್ಲಿ ನೈಜೀರಿಯಾದ ಅಂತರ್ಯುದ್ಧವಾದ ಬಿಯಾಫ್ರಾ ಯುದ್ಧ ಆರಂಭವಾದ ಮೊದಲ ತಿಂಗಳಲ್ಲಿಯೇ ಎನ್‌ಸುಕ್ಕಾ ರಣರಂಗವಾಯಿತು, ಅಲ್ಲಿನ ವಿಶ್ವವಿದ್ಯಾಲಯದ ಪುಸ್ತಕಗಳೂ ಕಾಗದಪತ್ರಗಳೂ ಹಾಳಾದವು. ಯುದ್ಧಕ್ಕೆ ಮೊದಲಿನ ತಲೆಮಾರಿನ ಒಬ್ಬ ಅಧ್ಯಾಪಕರ ನೇಮಕದ ವರ್ಷವನ್ನು ಖಚಿತಪಡಿಸಿಕೊಳ್ಳಲು ನಾನು ಹಳೆಯ ಪತ್ರಿಕೆಗಳ ಲೇಖಕ ಪರಿಚಯಗಳನ್ನು ಒಂದೊಂದಾಗಿ ತಿರುವಿಹಾಕಬೇಕಾಯಿತು. ವಿಕಿಪೀಡಿಯಾದಿಂದ ಎತ್ತಿಕೊಂಡ ಹೇಳಿಕೆಗೂ ಮುದ್ರಿತ ಆಧಾರವಿರುವ ಹೇಳಿಕೆಗೂ ಇರುವ ವ್ಯತ್ಯಾಸವನ್ನು ಈ ಸೇವೆ ತೋರಿಸುತ್ತದೆಯಾದರೂ, ಅದನ್ನು ಗಮನಿಸುವ ಹೊಣೆ ಬಳಕೆದಾರರದ್ದೇ.

ಇನ್ನು ಹೆಸರುಗಳ ವಿಷಯ. ಇಗ್ಬೊ ವರ್ಣಮಾಲೆಯಲ್ಲಿ 36 ಅಕ್ಷರಗಳಿವೆ. ಮೂರು ಸ್ವರಗಳಿಗೆ ಕೆಳಗೊಂದು ಚುಕ್ಕೆ, ಒಂದು ಅನುನಾಸಿಕಕ್ಕೆ ಮೇಲೊಂದು ಚುಕ್ಕೆ. ದೀರ್ಘಕಾಲದ ಲಿಪಿವಿವಾದದ ನಂತರ 1961ರಲ್ಲಿ ಒನ್ವು ಸಮಿತಿ ಈ ಬರಹಕ್ರಮವನ್ನು ಸ್ಥಿರಗೊಳಿಸಿತು. ಅದಕ್ಕೂ ಮೊದಲಿನ ಪುಸ್ತಕಗಳಲ್ಲಿ ಬೇರೆ ಅಕ್ಷರಗಳಿವೆ, ಜನಾಂಗದ ಹೆಸರೇ ‘ಇಬೊ’ ಎಂದಿದೆ, ಇಂಗ್ಲಿಷಿನ ಪ್ರಕಾಶಕರಂತೂ ಚುಕ್ಕೆಗಳನ್ನು ಬಿಟ್ಟೇ ಮುದ್ರಿಸಿದರು. ಹೀಗಾಗಿ ಒಬ್ಬರೇ ವಿದ್ವಾಂಸರು ಗ್ರಂಥಾಲಯಗಳ ಪಟ್ಟಿಗಳಲ್ಲಿ ಇಬ್ಬರು ಮೂವರಾಗಿ ಕಾಣಿಸಿಕೊಳ್ಳುವುದುಂಟು. ವಿಕಿಡೇಟಾದಲ್ಲಿ ಮುಖ್ಯ ಹೆಸರಿನ ಜೊತೆಗೆ ಪರ್ಯಾಯ ಹೆಸರುಗಳನ್ನು ಎಷ್ಟು ಬೇಕಾದರೂ ಕೊಡಬಹುದು, ಪ್ರತಿ ಭಾಷೆಯಲ್ಲಿಯೂ ಪ್ರತ್ಯೇಕವಾಗಿ ಕೊಡಬಹುದು. ಚುಕ್ಕೆಯುಳ್ಳ ರೂಪವನ್ನು ಇಗ್ಬೊ ಭಾಷೆಯ ಸಾಲಿನಲ್ಲಿಟ್ಟು, ಚುಕ್ಕೆಯಿಲ್ಲದ್ದನ್ನೂ ಹಳೆಯ ಕಾಗುಣಿತವನ್ನೂ ಪರ್ಯಾಯವಾಗಿ ಸೇರಿಸಿದರೆ ಯಾವ ದಾರಿಯಿಂದ ಹುಡುಕಿದರೂ ಒಂದೇ ದಾಖಲೆ ಸಿಗುತ್ತದೆ. ಕನ್ನಡದ ಸಾಲನ್ನೂ ನಾನೇ ತುಂಬಿದೆ. ಇಗ್ಬೊ ಭಾಷೆಯಲ್ಲಿ ಒಂದೇ ವ್ಯಂಜನವಾಗಿರುವ ಧ್ವನಿಯನ್ನು ನಾವು ‘ಗ್ಬ’ ಎಂದು ಒತ್ತಕ್ಷರವಾಗಿ ಬರೆಯುವುದು ಅನಿವಾರ್ಯ, ಆದರೆ ‘ಡಿಕೆ’ ಎಂಬುದನ್ನು ಇಂಗ್ಲಿಷ್ ಅಕ್ಷರ ನೋಡಿ ‘ಡೈಕ್’ ಎಂದು ಬರೆಯುವ ತಪ್ಪನ್ನಾದರೂ ತಡೆಯಬಹುದು.

ನನಗೆ ಅತೃಪ್ತಿ ಉಳಿದಿರುವುದು ಕ್ಷೇತ್ರದ ವಿಂಗಡಣೆಯಲ್ಲಿ. ಇಗ್ಬೊ ವಿದ್ವಾಂಸರು ಎಂದರೆ ಇಗ್ಬೊ ಕುಲದಲ್ಲಿ ಹುಟ್ಟಿದ ವಿದ್ವಾಂಸರಲ್ಲ, ಇಗ್ಬೊ ವಿಷಯವನ್ನು ಅಧ್ಯಯನ ಮಾಡಿದವರು. ನ್ಯೂಜಿಲೆಂಡಿನಲ್ಲಿ ಹುಟ್ಟಿ ಇಗ್ಬೊ ಜನರ ಇತಿಹಾಸ ಬರೆದ ಎಲಿಜಬೆತ್ ಇಸಿಚೇ ಡೈರೆಕ್ಟರಿಯಲ್ಲಿ ಇರಲೇಬೇಕು. ಇಗ್ಬೊ ಮನೆತನದ ಭೌತವಿಜ್ಞಾನಿಯೊಬ್ಬರು ಇರಬೇಕಾಗಿಲ್ಲ. ಆದರೆ ವಿಕಿಡೇಟಾದಲ್ಲಿ ‘ಅಧ್ಯಯನ ಕ್ಷೇತ್ರ’ ಎಂಬಲ್ಲಿ ಇತಿಹಾಸ ಅಥವಾ ಪುರಾತತ್ತ್ವ ಎಂದಷ್ಟೇ ನಮೂದಿಸಿ ಬಿಟ್ಟರೆ, ಇಗ್ಬೊ ಉಕ್ವುವಿನಲ್ಲಿ 1959ರಿಂದ ಉತ್ಖನನ ನಡೆಸಿ ಪ್ರಾಚೀನ ಕಂಚಿನ ವಸ್ತುಗಳನ್ನು ಬೆಳಕಿಗೆ ತಂದ ಥರ್ಸ್ಟನ್ ಶಾ ಅವರಂತಹವರು ಹುಡುಕಾಟದಲ್ಲಿ ಬರುವುದೇ ಇಲ್ಲ. ಈ ಕೊರತೆಯನ್ನು ಯಂತ್ರ ತುಂಬಲಾರದು, ವಿಷಯ ಬಲ್ಲವರು ಒಬ್ಬೊಬ್ಬರ ಬರಹವನ್ನೂ ನೋಡಿ ತುಂಬಬೇಕು.

ಹುಡುಕಾಟಕ್ಕೆ ಸ್ಪಾರ್ಕಲ್ ಎಂಬ ಪ್ರಶ್ನಭಾಷೆಯನ್ನು ಸ್ವಲ್ಪವಾದರೂ ಕಲಿಯಬೇಕಾಗುತ್ತದೆ, ಒಂದು ಪ್ರಶ್ನೆಗೆ 60 ಸೆಕೆಂಡುಗಳ ಮಿತಿಯಿದೆ. ನಮ್ಮ ಕೋಷ್ಟಕದಲ್ಲಿರುವ ಹೆಸರುಗಳನ್ನು ಒಟ್ಟಿಗೆ ಹೋಲಿಸಿ ನೋಡಲು ಓಪನ್‌ರಿಫೈನ್ ಎಂಬ ಉಚಿತ ತಂತ್ರಾಂಶ ನೆರವಾಗುತ್ತದೆ. ಅದು ಸೂಚಿಸಿದ ಜೋಡಿಯನ್ನು ಪರಿಶೀಲಿಸದೆ ಒಪ್ಪಿದರೆ ಒಂದೇ ಹೆಸರಿನ ಇಬ್ಬರು ಬೆರೆತುಹೋಗುತ್ತಾರೆ.

ಬದುಕಿರುವವರ ಇಮೇಲ್, ದೂರವಾಣಿ ಸಂಖ್ಯೆ, ಮನೆಯ ವಿಳಾಸಗಳನ್ನು ವಿಕಿಡೇಟಾದಲ್ಲಿ ಹಾಕಬಾರದು ಎಂಬುದು ನನ್ನ ಸ್ಪಷ್ಟ ನಿಲುವು. ಎಲ್ಲರೂ ತಿದ್ದಬಹುದಾದ, ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದಾದ ಸ್ಥಳದಲ್ಲಿ ಒಮ್ಮೆ ಬಿದ್ದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಕಷ್ಟ. ಸಂಪರ್ಕದ ವಿವರಗಳು ಡೈರೆಕ್ಟರಿಯ ಸ್ವಂತ ತಾಣದಲ್ಲಿ, ಆಯಾ ವಿದ್ವಾಂಸರ ಒಪ್ಪಿಗೆಯ ಮೇಲೆ ಮಾತ್ರ ಇರಲಿ. ಜನಾಂಗ, ಮತ ಮುಂತಾದ ಹೇಳಿಕೆಗಳನ್ನು ಹೆಸರು ನೋಡಿ ಊಹಿಸಿ ಸೇರಿಸುವ ಅಭ್ಯಾಸವೂ ಬೇಡ.

ಹೀಗಾಗಿ ನನ್ನ ಶಿಫಾರಸು ಇಷ್ಟು: ಹೆಸರು, ಕಾಲ, ಸಂಸ್ಥೆ, ಕ್ಷೇತ್ರಗಳಿಗೆ ವಿಕಿಡೇಟಾ, ಬರೆಯುತ್ತಿರುವವರಿಗೆ ಅದರೊಳಗೇ ಆರ್ಕಿಡ್ ಸಂಖ್ಯೆಯ ಕೊಂಡಿ, ಸಂಪರ್ಕಕ್ಕೆ ಪ್ರತ್ಯೇಕ ತಾಣ. ಸೇವೆಗೆ ಬೆಲೆಯಿಲ್ಲ, ಆದರೆ ಸಮಯಕ್ಕೆ ಇದೆ. ಆಧಾರಸಹಿತವಾಗಿ ಒಬ್ಬರ ದಾಖಲೆಯನ್ನು ಮುಗಿಸಲು ನನಗೆ ಸರಾಸರಿ ಒಂದು ಗಂಟೆ ಹಿಡಿಯಿತು, ಅದರಲ್ಲಿ ಹೆಚ್ಚಿನ ಪಾಲು ಹೋದದ್ದು ಇಗ್ಬೊ ಓದಲು ಬರುವವರಿಗೆ ನಿಮಿಷಗಳಲ್ಲಿ ತಿಳಿಯಬಹುದಾದ ಸಂಗತಿಗಳಿಗೆ. ಈ ಕೆಲಸಕ್ಕೆ ಹಣ ಒದಗಿಸುವವರು ತಂತ್ರಾಂಶ ಬರೆಯುವವರಿಗಿಂತ ಮೊದಲು ಎನ್‌ಸುಕ್ಕಾದ ಅಥವಾ ಅವ್ಕಾದ ಇಗ್ಬೊ ವಿಭಾಗದ ಇಬ್ಬರು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸಂಬಳ ಕೊಡಲಿ.