ಏಸ್ ಅಟಾರ್ನಿ: ಯಾವುದು ಮೊದಲು, ಯಾವುದು ಆಮೇಲೆ, ಯಾವುದನ್ನು ಬಿಟ್ಟರೂ ನಡೆಯುತ್ತೆ

ಕೋರ್ಟಿನಲ್ಲಿ ನಿಂತು ಸಾಕ್ಷಿಯ ಸುಳ್ಳು ಹಿಡಿಯುವ ಆಟ ಅಂದರೆ ನನಗೆ ಇವತ್ತಿಗೂ ಏಸ್ ಅಟಾರ್ನಿಯೇ. ಜಪಾನಿನ ಕ್ಯಾಪ್‌ಕಾಮ್ 2001ರಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಅನ್ನೋ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಅಂತ ಮಾಡಿದ ಒಂದು ಪುಟ್ಟ ಆಟ, ಈಗ ಸರಣಿಯ ಆಟಗಳ ಲೆಕ್ಕ ಹತ್ತು ದಾಟಿದೆ. ಪಿಸಿ, ಸ್ವಿಚ್, ಪ್ಲೇಸ್ಟೇಷನ್, ಎಲ್ಲಿ ಹುಡುಕಿದರೂ ಹಳೆಯ ಆಟಗಳನ್ನು ಒಟ್ಟು ಸೇರಿಸಿದ ನಾಲ್ಕು ಕಟ್ಟುಗಳು ಎದುರಿಗೆ ಬರುತ್ತವೆ: 2019ರ ಫೀನಿಕ್ಸ್ ರೈಟ್ ಟ್ರಿಲಜಿ, 2021ರ ಗ್ರೇಟ್ ಏಸ್ ಅಟಾರ್ನಿ ಕ್ರಾನಿಕಲ್ಸ್, 2024ರ ಜನವರಿಯಲ್ಲಿ ಬಂದ ಅಪೊಲೊ ಜಸ್ಟಿಸ್ ಟ್ರಿಲಜಿ, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಂದ ಇನ್ವೆಸ್ಟಿಗೇಷನ್ಸ್ ಕಲೆಕ್ಷನ್. ನಾಲ್ಕನ್ನೂ ಆಡಿ ಮುಗಿಸಿದ್ದೇನೆ, ಕೆಲವನ್ನು ಮತ್ತೆ ಆಡಿದ್ದೇನೆ. ಎಲ್ಲವೂ ಚೆನ್ನಾಗಿದೆ ಅಂತ ಹೇಳಿ ಕೈ ತೊಳೆದುಕೊಳ್ಳೋದು ಸುಲಭ. ಆದರೆ ಒಂದೊಂದು ಕಟ್ಟೂ ಹತ್ತಾರು ಗಂಟೆ ತಿನ್ನುತ್ತದೆ, ದುಡ್ಡೂ ಹೋಗುತ್ತದೆ. ಅದಕ್ಕೇ ಸುತ್ತಿ ಬಳಸದೆ ಹೇಳಿಬಿಡುತ್ತೇನೆ.

ನಾನು ಅಳೆಯೋದು ಒಂದೇ ವಿಷಯ ಇಟ್ಟುಕೊಂಡು. ಸುಳ್ಳು ಸಿಕ್ಕಿಬಿದ್ದಾಗ ಅದನ್ನು ಹಿಡಿದದ್ದು ಯಾರು, ನಾನಾ, ಆಟವಾ? ಕಥೆ, ಪಾತ್ರ, ಸಂಗೀತ ಎಲ್ಲ ಈ ಸರಣಿಯಲ್ಲಿ ಹೆಚ್ಚುಕಮ್ಮಿ ಎಲ್ಲ ಕಡೆ ಚೆನ್ನಾಗಿಯೇ ಇದೆ. ಒಂದನ್ನು ಇನ್ನೊಂದರಿಂದ ಬೇರೆ ಮಾಡೋದು ಈ ಪ್ರಶ್ನೆ.

ಮೊದಲ ಆಟದ ಮೊದಲ ಕೇಸನ್ನೇ ತಗೊಳ್ಳಿ. ಕಲಿಸೋಕೆ ಇಟ್ಟ ಕೇಸು, ಕೊಲೆಗಾರನ ಮುಖವನ್ನು ಶುರುವಿನಲ್ಲೇ ತೋರಿಸಿಬಿಡುತ್ತಾರೆ, ಹಾಗಾಗಿ ಹೇಳಿದರೆ ಏನೂ ಕೆಡಲ್ಲ. ಕಟಕಟೆಯಲ್ಲಿ ನಿಂತ ಸಾಕ್ಷಿ, ಹೆಣ ನೋಡಿದಾಗ ಮಧ್ಯಾಹ್ನ ಒಂದು ಗಂಟೆ ಅನ್ನುತ್ತಾನೆ. ನಮ್ಮ ಕೈಯಲ್ಲಿರುವ ಪೋಸ್ಟ್‌ಮಾರ್ಟಂ ರಿಪೋರ್ಟ್‌ನಲ್ಲಿ ಸಾವು ಆಗಿದ್ದು ನಾಲ್ಕರಿಂದ ಐದರ ನಡುವೆ ಅಂತಿದೆ. ರಿಪೋರ್ಟ್ ಎತ್ತಿ ತೋರಿಸಿದ ಕೂಡಲೇ ಅವನು ವರಸೆ ಬದಲಾಯಿಸುತ್ತಾನೆ, ಟಿವಿಯಲ್ಲಿ ಟೈಮ್ ಕೇಳಿಸಿತ್ತು ಅನ್ನುತ್ತಾನೆ. ಆದರೆ ಆ ಹೊತ್ತಿಗೆ ಆ ಕಟ್ಟಡದಲ್ಲಿ ಕರೆಂಟೇ ಇರಲಿಲ್ಲ. ಅಲ್ಲಿಂದ ಗಡಿಯಾರಕ್ಕೆ ಜಾರುತ್ತಾನೆ. ಒಂದು ಸುಳ್ಳು ಬಿದ್ದರೆ ಅದನ್ನು ಮುಚ್ಚೋಕೆ ಇನ್ನೊಂದು, ಆ ಇನ್ನೊಂದರಲ್ಲಿ ಮತ್ತೊಂದು ಬಿರುಕು. ಇಡೀ ಸರಣಿಯ ಜೀವ ಈ ಪಾಟೀಸವಾಲಿನಲ್ಲಿದೆ. ಹೇಳಿಕೆ ಓದಿ, ಒತ್ತಿ ಕೇಳಿ, ಸರಿಯಾದ ಸಾಕ್ಷ್ಯವನ್ನು ಸರಿಯಾದ ವಾಕ್ಯಕ್ಕೆ ಎದುರು ಇಡಿ. ತಪ್ಪಾದರೆ ದಂಡ, ದಂಡ ಜಾಸ್ತಿಯಾದರೆ ಕಕ್ಷಿದಾರ ಅಪರಾಧಿ. ಇದನ್ನು ಕಟ್ಟಿದವರು ಶು ತಕುಮಿ, ಮೊದಲ ಮೂರೂ ಆಟ ಅವರದೇ.

ಹಾಗಾದರೆ ವಕೀಲ ಫೀನಿಕ್ಸ್ ರೈಟ್ ನಾಯಕನಾಗಿರುವ ಟ್ರಿಲಜಿ. ಮೂರು ಆಟ, 14 ಕೇಸು. ನನ್ನ ಮಟ್ಟಿಗೆ ಶುರು ಮಾಡೋಕೆ ಬೇರೆ ಜಾಗವೇ ಇಲ್ಲ. ಮೊದಲ ಆಟದ ನಾಲ್ಕನೇ ಕೇಸಿನಲ್ಲಿ ಒಂದು ಗಿಳಿಗೆ ಪಾಟೀಸವಾಲು ಹಾಕಬೇಕಾಗುತ್ತದೆ. ಕೇಳೋಕೆ ಹುಡುಗಾಟ ಅನಿಸುತ್ತದೆ, ಆಡುವಾಗ ಬೆವರು ಬರುತ್ತದೆ. ಯಾಕಂದರೆ ಎದುರಿಗಿರುವ ಪ್ರಾಸಿಕ್ಯೂಟರ್ ಮ್ಯಾನ್‌ಫ್ರೆಡ್ ಫಾನ್ ಕಾರ್ಮಾ 40 ವರ್ಷ ಒಂದೂ ಕೇಸು ಸೋತವನಲ್ಲ, ಮತ್ತು ಹಿಂದೆ ಇರುವ ಹಳೆಯ ಕೊಲೆಗೆ ಕೇಸು ಹಾಕೋಕೆ ಇರುವ 15 ವರ್ಷದ ಗಡುವು ಮುಗಿಯುತ್ತಾ ಬಂದಿದೆ. ನಮ್ಮಲ್ಲಿ ಕೊಲೆ ಕೇಸಿಗೆ ಅಂಥ ಗಡುವು ಇಲ್ಲ, ಹಾಗಾಗಿ ಇದೇನು ಸಿನಿಮಾ ಥರ ಅಂತ ಅನಿಸಬಹುದು. ಆಟ ಬಂದ ಕಾಲಕ್ಕೆ ಜಪಾನಿನ ಕಾನೂನಿನಲ್ಲಿ ಆ 15 ವರ್ಷ ನಿಜವಾಗಿಯೂ ಇತ್ತು. ಆಮೇಲೆ ಅದನ್ನು 25ಕ್ಕೆ ಏರಿಸಿದರು, 2010ರಲ್ಲಿ ಪೂರ್ತಿ ತೆಗೆದರು. ಇದು ತಿಳಿದ ಮೇಲೆ ಆ ಕೇಸಿನ ಕೊನೆಯ ದಿನ ಇನ್ನೂ ಬಿಗಿಯಾಗಿ ಹಿಡಿಯುತ್ತದೆ.

ಮೊದಲ ಆಟದ ಐದನೇ ಕೇಸು 2005ರಲ್ಲಿ ನಿಂಟೆಂಡೊ ಡಿಎಸ್‌ಗೆ ಬಂದಾಗ ಸೇರಿಸಿದ್ದು. ಬೆರಳಚ್ಚಿಗೆ ಪುಡಿ ಊದೋದು, ವಸ್ತುಗಳನ್ನು ತಿರುಗಿಸಿ ನೋಡೋದು ಎಲ್ಲ ಇದೆ. ತುಂಬಾ ಉದ್ದ. ಮೊದಲ ಸಲ ಆಡುವವರು ನಾಲ್ಕು ಮುಗಿಸಿ ಒಂದು ವಾರ ಬಿಟ್ಟು ಬಂದರೆ ಒಳ್ಳೇದು, ಇಲ್ಲದಿದ್ದರೆ ಸುಸ್ತು ಹೊಡೆಸುತ್ತದೆ.

ಎರಡನೆಯ ಆಟ ಮೂರರಲ್ಲಿ ದುರ್ಬಲ. ಸರ್ಕಸ್ ಕೇಸನ್ನು ನಾನು ಇಷ್ಟಪಡೋಕೆ ಪ್ರಯತ್ನಪಟ್ಟೆ, ಆಗಲಿಲ್ಲ. ಅಲ್ಲಿನ ಸಾಕ್ಷಿಗಳು ಸುಮ್ನೆ ಸುತ್ತಿಸುತ್ತಾರೆ, ಹಿಡಿಯುವ ಸುಳ್ಳಿಗಿಂತ ಕೇಳುವ ಕೂಗಾಟ ಜಾಸ್ತಿ. ಹಾಗಂತ ಈ ಆಟವನ್ನೇ ಹಾರಿ ಮೂರಕ್ಕೆ ಹೋಗಿಬಿಡ್ಲಾ ಅಂತ ಕೇಳುವವರಿಗೆ ನನ್ನ ಉತ್ತರ ಬೇಡ ಅಂತಲೇ. ಎರಡು ಕಾರಣ. ಎದುರಿಗಿರುವವರ ಮನಸ್ಸಿನ ಬೀಗಗಳನ್ನು ಸಾಕ್ಷ್ಯ ತೋರಿಸಿ ಒಡೆಯುವ ಪದ್ಧತಿ ಇಲ್ಲಿಂದ ಶುರು, ಅದು ಬಂದ ಮೇಲೆ ಕೋರ್ಟಿನ ಹೊರಗಿನ ಓಡಾಟಕ್ಕೂ ಮೊನಚು ಬಂತು. ಇನ್ನೊಂದು, ಕೊನೆಯ ಕೇಸು. ಅಲ್ಲಿ ಗೆಲ್ಲೋದು ಹೇಗೆ ಅನ್ನೋ ಪ್ರಶ್ನೆಗಿಂತ, ಒಬ್ಬ ವಕೀಲ ಯಾಕೆ ಗೆಲ್ಲಬೇಕು ಅನ್ನೋ ಪ್ರಶ್ನೆ ಮುಂದೆ ಬಂದು ನಿಲ್ಲುತ್ತದೆ. ಇದಕ್ಕಿಂತ ಜಾಸ್ತಿ ಹೇಳಲ್ಲ.

ಮೂರನೆಯದು ಎರಡು ಆಟಗಳಲ್ಲಿ ಹರಡಿಟ್ಟ ಎಳೆಗಳನ್ನು ಒಟ್ಟಿಗೆ ಎಳೆದು ಗಂಟು ಹಾಕುತ್ತದೆ. ಪ್ರಾಸಿಕ್ಯೂಟರ್ ಗೊಡೋಟ್, ಮುಖಕ್ಕೆ ಲೋಹದ ಮುಖವಾಡ, ಕೈಯಲ್ಲಿ ಸದಾ ಕಾಫಿ, ಒಂದು ವಿಚಾರಣೆಗೆ 17 ಕಪ್ ಮೀರಬಾರದು ಅನ್ನೋದು ಅವನದೇ ನಿಯಮ. ಮೊದಲು ವಿಚಿತ್ರ ಅನಿಸುವ ಇವನೇ ಕೊನೆಗೆ ಮನಸ್ಸಿನಲ್ಲಿ ಉಳಿಯುತ್ತಾನೆ. ಇಡೀ ಸರಣಿಯಲ್ಲಿ ಅತ್ಯಂತ ತೃಪ್ತಿ ಕೊಟ್ಟ ಕೊನೆಯ ಕೇಸು ನನಗೆ ಇದರದ್ದೇ. ಆದರೆ ಹಿಂದಿನ ಎರಡನ್ನು ಆಡದೆ ಇಲ್ಲಿಗೆ ಬಂದರೆ ಆ ತೃಪ್ತಿಯಲ್ಲಿ ಅರ್ಧವೂ ದಕ್ಕಲ್ಲ.

ಟ್ರಿಲಜಿ ಆದ ಮೇಲೆ ಬಹಳ ಜನ ಬಿಡುಗಡೆಯ ಕ್ರಮ ಹಿಡಿದು ಅಪೊಲೊ ಕಡೆ ಹೋಗುತ್ತಾರೆ. ನಾನು ಹೇಳೋದು, ಅದನ್ನು ಪಕ್ಕಕ್ಕಿಟ್ಟು ಗ್ರೇಟ್ ಏಸ್ ಅಟಾರ್ನಿ ಕ್ರಾನಿಕಲ್ಸ್ ಎತ್ತಿಕೊಳ್ಳಿ. ಜಪಾನಿನಲ್ಲಿ 2015 ಮತ್ತು 2017ರಲ್ಲಿ 3ಡಿಎಸ್‌ಗೆ ಬಂದ ಎರಡು ಆಟಗಳು, ಹೊರಗಿನವರ ಕೈಗೆ ಅಧಿಕೃತವಾಗಿ ಸಿಕ್ಕಿದ್ದು 2021ರಲ್ಲಿ. ತಕುಮಿ ಮತ್ತೆ ಬಂದು ಮಾಡಿದ್ದು, ಅದು ಗೊತ್ತಾಗುತ್ತದೆ. ಮೇಜಿ ಕಾಲದ ಜಪಾನಿನ ವಿದ್ಯಾರ್ಥಿ ರ‍್ಯೂನೊಸುಕೆ ನರುಹೊಡೊ ವಿಕ್ಟೋರಿಯಾ ಕಾಲದ ಲಂಡನ್ನಿಗೆ ಹೋಗಿ ವಕಾಲತ್ತು ಮಾಡುವ ಕಥೆ. ಫೀನಿಕ್ಸ್‌ನ ಪೂರ್ವಿಕ ಅಂದುಕೊಳ್ಳಿ. ಹಳೆಯ ಆಟಗಳ ಕಥೆ ಗೊತ್ತಿರಲೇಬೇಕು ಅಂತ ಇಲ್ಲ.

ಇಲ್ಲಿ ಆರು ಜನ ಜ್ಯೂರಿ ಇದ್ದಾರೆ. ಒಬ್ಬೊಬ್ಬರೂ ಬೆಂಕಿಯ ಉಂಡೆ ಹಾರಿಸಿ ತಕ್ಕಡಿಯ ಒಂದು ತಟ್ಟೆಗೆ ಹಾಕುತ್ತಾರೆ. ಆರೂ ಅಪರಾಧಿ ಕಡೆ ಬಿದ್ದರೆ ಮುಗಿಯಿತು ಅಂದುಕೊಳ್ಳುವಾಗ, ವಕೀಲನಿಗೆ ಕೊನೆಯ ಅವಕಾಶ ಸಿಗುತ್ತದೆ: ಆರೂ ಜನ ಯಾಕೆ ಹಾಗೆ ತೀರ್ಮಾನ ಮಾಡಿದರು ಅಂತ ಕೇಳಬಹುದು. ಆರು ಕಾರಣ ಬರುತ್ತದೆ. ಅದರಲ್ಲಿ ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ಎಲ್ಲೋ ತಾಗುತ್ತದೆ, ಆ ಎರಡನ್ನು ಹುಡುಕಿ ಎದುರುಬದುರು ನಿಲ್ಲಿಸಬೇಕು. ಸಾಕ್ಷಿಯಷ್ಟೇ ಅಲ್ಲದೆ ತೀರ್ಪು ಕೊಡುವವರ ಮಾತನ್ನೂ ಹೀಗೆ ಬಿಡಿಸಿ ನೋಡುವ ಅವಕಾಶ ಮೊದಲ ಆಟಗಳಲ್ಲಿ ಇರಲಿಲ್ಲ. ಕಟಕಟೆಯಲ್ಲಿ ಇಬ್ಬರು ಮೂವರು ಸಾಕ್ಷಿಗಳು ಒಟ್ಟಿಗೆ ನಿಂತಿರುವಾಗ, ಒಬ್ಬ ಮಾತಾಡುತ್ತಿದ್ದರೆ ಪಕ್ಕದವನ ಮುಖ ಯಾವ ಮಾತಿಗೆ ಬದಲಾಯಿತು ಅಂತಲೂ ಕಣ್ಣಿಡಬೇಕು. ಇದರಲ್ಲೂ ಹಿಡಿಯುವವರು ನಾವೇ.

ಷರ್ಲಾಕ್ ಹೋಮ್ಸ್ ಹೆಸರಿನ ಅಕ್ಷರ ಅದಲುಬದಲು ಮಾಡಿಕೊಂಡು ಹೆರ್ಲಾಕ್ ಶೋಮ್ಸ್ ಆಗಿ ಬರುತ್ತಾನೆ. ಕಣ್ಣು ಚುರುಕು, ತೀರ್ಮಾನ ಅವಸರ. ಅವನು ಪಟಪಟನೆ ಒಂದು ಊಹೆ ಕಟ್ಟುತ್ತಾನೆ, ನಾವು ಅದರಲ್ಲಿ ಒಂದೊಂದು ತಪ್ಪು ಕೊಂಡಿಯನ್ನು ತೆಗೆದು ಸರಿಯಾದದ್ದನ್ನು ಜೋಡಿಸಬೇಕು, ಸ್ಪಾಟ್‌ಲೈಟ್ ಬೀಳುತ್ತದೆ, ಇಬ್ಬರೂ ಕುಣಿಯುವ ಹಾಗೆ ತಿರುಗುತ್ತಾರೆ, ಸಂಗೀತ ಏರುತ್ತದೆ. ಈ ಭಾಗ ಬಂದಾಗೆಲ್ಲ ನನಗೆ ಖುಷಿಯೋ ಖುಷಿ. ಎದುರು ಪ್ರಾಸಿಕ್ಯೂಟರ್ ಬ್ಯಾರೊಕ್ ಫಾನ್ ಝೀಕ್ಸ್ ಜಪಾನೀಯರ ಮೇಲೆ ಕಾರುವ ತಿರಸ್ಕಾರವನ್ನು ಆಟ ಮೆತ್ತಗೆ ಮಾಡಿ ತೋರಿಸಿಲ್ಲ. ಬ್ರಿಟಿಷರ ಆಳ್ವಿಕೆಯ ಕಥೆ ಕೇಳಿ ಬೆಳೆದ ನಮಗೆ ಲಂಡನ್ ಕೋರ್ಟಿನಲ್ಲಿ ಹೊರಗಿನವನೊಬ್ಬ ನಿಂತು ವಾದ ಮಾಡುವ ದೃಶ್ಯ ಬೇಗ ಒಳಗೆ ಇಳಿಯುತ್ತದೆ. ಲಂಡನ್ನಿನಲ್ಲಿ 1900ರಿಂದ 1902ರವರೆಗೆ ನಿಜವಾಗಿ ಇದ್ದ ಲೇಖಕ ನತ್ಸುಮೆ ಸೊಸೆಕಿಯನ್ನೇ ಇಲ್ಲಿ ಆರೋಪಿಯಾಗಿ ತಂದು ನಿಲ್ಲಿಸಿದ್ದಾರೆ!

ಕೊರತೆ ಇಲ್ಲವಾ? ಇದೆ. ಶುರು ನಿಧಾನ, ಕಲಿಸುವ ಕೇಸೇ ಎಳೆಯುತ್ತದೆ. ಮೊದಲ ಆಟ ಮುಗಿದಾಗ ಅರ್ಧ ಪ್ರಶ್ನೆಗಳಿಗೆ ಉತ್ತರ ಇರಲ್ಲ, ಎರಡನೆಯದನ್ನು ಆಡಲೇಬೇಕು. ಹತ್ತೂ ಕೇಸನ್ನು ಒಂದೇ ಕಥೆ ಅಂತ ಹಿಡಿದುಕೊಂಡು ಹೊರಟರೆ ಈ ಕೊರತೆ ಕಾಡಲ್ಲ.

ಈಗ ಇನ್ವೆಸ್ಟಿಗೇಷನ್ಸ್ ಕಲೆಕ್ಷನ್. ಇಲ್ಲಿ ಪ್ರಾಸಿಕ್ಯೂಟರ್ ಮೈಲ್ಸ್ ಎಡ್ಜ್‌ವರ್ತ್ ನಾಯಕ. ಕೋರ್ಟು ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಕೊಲೆಯಾದ ಜಾಗದಲ್ಲೇ ನಡೆದಾಡಿ, ಅಲ್ಲೇ ವಾದ. ಎರಡು ಸಂಗತಿಗಳನ್ನು ಜೋಡಿಸಿ ಹೊಸದೊಂದು ತೀರ್ಮಾನಕ್ಕೆ ಬರುವ ಪದ್ಧತಿ ಇದೆ, ಚೆನ್ನಾಗಿದೆ. 2009ರ ಮೊದಲ ಆಟ ಸಾಧಾರಣ. ಅದರ ಕೊನೆಯ ಕೇಸಿನಲ್ಲಿ ಅಪರಾಧಿ ಯಾರು ಅಂತ ನಮಗೆ ಗೊತ್ತಾಗಿ ಎಷ್ಟೋ ಹೊತ್ತಾದ ಮೇಲೂ ಆಟ ಒಪ್ಪಿಕೊಳ್ಳಲ್ಲ, ಜಗ್ಗಾಡುತ್ತಲೇ ಇರುತ್ತದೆ. 2011ರ ಎರಡನೆಯದು ಬೇರೆಯೇ ಮಟ್ಟ. ಐದೂ ಕೇಸು ಒಂದಕ್ಕೊಂದು ಹೆಣೆದುಕೊಂಡಿದೆ. ಮೂರನೆಯದರಲ್ಲಿ ಎಡ್ಜ್‌ವರ್ತ್‌ನ ತಂದೆ, ವಕೀಲ ಗ್ರೆಗರಿಯಾಗಿ ಹಳೆಯ ಕಾಲದಲ್ಲಿ ತನಿಖೆ ಮಾಡುತ್ತೇವೆ. ಟ್ರಿಲಜಿ ಆಡಿದವರಿಗೆ ಆ ಕೇಸು ಎಲ್ಲಿ ಮುಟ್ಟುತ್ತದೆ ಅಂತ ಹೇಳಬೇಕಾಗಿಲ್ಲ. ಚೆಸ್ ಹಲಗೆಯ ಮೇಲೆ ನಡೆಯುವ ಮಾತಿನ ಜಟಾಪಟಿಯೂ ಇದೆ: ಎದುರಾಳಿ ಬಾಯಿ ಬಿಡುವವರೆಗೆ ಕಾಯಬೇಕಾ, ಈಗಲೇ ಚುಚ್ಚಬೇಕಾ ಅಂತ ಗಡಿಯಾರ ಓಡುತ್ತಿರುವಾಗ ತೀರ್ಮಾನ ಮಾಡಬೇಕು. 13 ವರ್ಷ ಜಪಾನಿನ ಹೊರಗೆ ಇದು ಅಧಿಕೃತವಾಗಿ ಸಿಗಲೇ ಇಲ್ಲ ಅನ್ನೋದು ದೊಡ್ಡ ಅನ್ಯಾಯ.

ಕೊನೆಗೆ ಅಪೊಲೊ ಜಸ್ಟಿಸ್ ಟ್ರಿಲಜಿ. ಇದರ ಮೇಲೆ ನನಗೆ ಪ್ರೀತಿ ಇದೆ, ಆದರೂ ಕೊನೆಗೇ ಇಡುತ್ತೇನೆ. 2007ರ ಅಪೊಲೊ ಜಸ್ಟಿಸ್‌ನ ಮೊದಲ ಕೇಸು ಅದ್ಭುತ. ಏಳು ವರ್ಷ ಕಳೆದಿದೆ, ಫೀನಿಕ್ಸ್ ವಕೀಲನಾಗಿ ಉಳಿದಿಲ್ಲ, ಗಡ್ಡ ಬಿಟ್ಟುಕೊಂಡು ಆರೋಪಿಯ ಜಾಗದಲ್ಲಿ ಕೂತಿದ್ದಾನೆ. ಸಾಕ್ಷಿ ಸುಳ್ಳು ಹೇಳುವಾಗ ಬೆರಳೋ ಕಣ್ಣೋ ಮಾಡುವ ಸಣ್ಣ ಚಲನೆಯನ್ನು ಹೊಸ ವಕೀಲ ಅಪೊಲೊ ಹತ್ತಿರದಿಂದ ಗುರುತಿಸುತ್ತಾನೆ. ಯೋಚನೆ ಚೆನ್ನಾಗಿದೆ, ಆದರೆ ಬುದ್ಧಿಗಿಂತ ಕಣ್ಣಿಗೆ ಕೆಲಸ ಜಾಸ್ತಿ. ಸಂಗೀತ ಕಛೇರಿಯ ಕೇಸಿನಲ್ಲಂತೂ ಅದೇ ವಿಡಿಯೋವನ್ನು ಮತ್ತೆ ಮತ್ತೆ ತೋರಿಸಿ ತಾಳ್ಮೆ ಪರೀಕ್ಷೆ ಮಾಡುತ್ತಾರೆ.

2013ರ ಡ್ಯುಯಲ್ ಡೆಸ್ಟಿನೀಸ್ ನೋಡೋಕೆ ಚೆಂದ, ಕೈ ಹಿಡಿದು ನಡೆಸೋದು ಅತಿ. ಕೊಲೆಯಾದ ಜಾಗ ಬಿಟ್ಟರೆ ಬೇರೆ ಕೋಣೆಗಳನ್ನು ಕೆದಕಿ ನೋಡುವ ಅವಕಾಶವನ್ನೇ ತೆಗೆದುಬಿಟ್ಟಿದ್ದಾರೆ, ಮುಂದೆ ಏನು ಮಾಡಬೇಕು ಅಂತ ಪಟ್ಟಿಯೂ ಬರೆದಿಟ್ಟಿದ್ದಾರೆ. ನಾನು ಯೋಚಿಸುವ ಮೊದಲೇ ಪಕ್ಕದವರು ಸುಳಿವು ಕೊಟ್ಟುಬಿಟ್ಟರೆ ಹಿಡಿದ ಖುಷಿ ಯಾರಿಗೆ ಹೋಯಿತು ಹೇಳಿ? ಸಾಕ್ಷಿಯ ದನಿಯಲ್ಲಿ ಮಾತಿಗೆ ಹೊಂದದ ಭಾವನೆ ಹುಡುಕುವ ಇನ್ನೊಬ್ಬ ವಕೀಲೆ ಅಥೀನಾಳ ಭಾಗ ಮಾತ್ರ ನಿಜವಾಗಿ ಹೊಸದು. 2016ರ ಸ್ಪಿರಿಟ್ ಆಫ್ ಜಸ್ಟಿಸ್ ಇದಕ್ಕಿಂತ ಗಟ್ಟಿ. ಕುರಾಯಿನ್ ಅನ್ನೋ ರಾಜ್ಯದಲ್ಲಿ ಕಕ್ಷಿದಾರ ಅಪರಾಧಿ ಅಂತಾದರೆ ಅವನ ವಕೀಲನಿಗೂ ಅದೇ ಶಿಕ್ಷೆ. ಸತ್ತವನ ಕೊನೆಯ ಕ್ಷಣಗಳನ್ನು ನೀರಿನಲ್ಲಿ ತೋರಿಸುತ್ತಾರೆ, ಅವನು ಕೇಳಿದ್ದು, ಮೂಸಿದ್ದು, ಅನುಭವಿಸಿದ್ದು ಅಕ್ಷರವಾಗಿ ತೇಲುತ್ತದೆ. ಅದಕ್ಕೆ ಅರ್ಥ ಹೇಳುವ ರಾಜಕುಮಾರಿಯ ವ್ಯಾಖ್ಯಾನ ಎಲ್ಲಿ ತಪ್ಪುತ್ತದೆ ಅಂತ ಹುಡುಕೋದು ನಮ್ಮ ಕೆಲಸ. ಸಾಕಷ್ಟು ಕಷ್ಟ ಕೊಡುತ್ತದೆ, ಅದು ಒಳ್ಳೆಯ ಕಷ್ಟ.

ಒಗಟು ಬಿಡಿಸುವ ಇನ್ನೊಂದು ಸರಣಿ ಪ್ರೊಫೆಸರ್ ಲೇಟನ್ ಜೊತೆ ಸೇರಿ ಬಂದ 2012ರ ಆಟ ಇನ್ನೂ 3ಡಿಎಸ್‌ನಲ್ಲೇ ಸಿಕ್ಕಿಕೊಂಡಿದೆ, ಅದರ ಆನ್‌ಲೈನ್ ಅಂಗಡಿ 2023ರಲ್ಲಿ ಮುಚ್ಚಿತು. ಹಳೆಯ ಕಾರ್ಟ್ರಿಡ್ಜ್ ಯಾರ ಹತ್ತಿರವಾದರೂ ಇದ್ದರೆ ಆಡಿ, ಅದಕ್ಕಾಗಿ ಹುಡುಕಾಡಬೇಕಾಗಿಲ್ಲ.

ಕನ್ನಡದಲ್ಲಿ ಯಾವುದೂ ಇಲ್ಲ, ಇಂಗ್ಲಿಷ್‌ನಲ್ಲೇ ಓದಬೇಕು, ಓದು ಬಹಳ ಇದೆ. ಇಂಗ್ಲಿಷ್ ಓದು ನಿಧಾನ ಅನ್ನುವವರು ಟ್ರಿಲಜಿಯಿಂದಲೇ ಶುರು ಮಾಡಲಿ, ಅಲ್ಲಿನ ಮಾತು ಚಿಕ್ಕದು, ಸರಳ. ಕ್ರಾನಿಕಲ್ಸ್‌ನ ಇಂಗ್ಲಿಷ್ ಹಳೆಯ ಲಂಡನ್ ಧಾಟಿಯದು, ಸ್ವಲ್ಪ ಹೆಚ್ಚು ಬೇಡುತ್ತದೆ. ಮನೆಯಲ್ಲಿ ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೇಳಿಕೆಗಳನ್ನು ಜೋರಾಗಿ ಓದಿ, ಎಲ್ಲಿ ಸುಳ್ಳು ಅಂತ ಇಬ್ಬರೂ ಜಗಳ ಆಡಿಕೊಂಡು ಆಡೋಕೆ ಇಷ್ಟು ಹೊಂದುವ ಸರಣಿ ನಾನು ಬೇರೆ ನೋಡಿಲ್ಲ. ಒಂದೇ ಒಂದು ಕಟ್ಟಿಗೆ ದುಡ್ಡಿದೆ ಅಂದರೆ ಫೀನಿಕ್ಸ್ ರೈಟ್ ಟ್ರಿಲಜಿ. ಎರಡಕ್ಕಿದೆ ಅಂದರೆ ಜೊತೆಗೆ ಕ್ರಾನಿಕಲ್ಸ್. ಇವೆರಡೂ ಮುಗಿದು ಇನ್ನೂ ಹಸಿವಿದ್ದರೆ ಎಡ್ಜ್‌ವರ್ತ್, ಅದರಲ್ಲಿ ಮೊದಲನೆಯದನ್ನು ಬೇಗ ಮುಗಿಸಿ ಎರಡನೆಯದಕ್ಕೆ ಹೋಗಿ. ಅಪೊಲೊ ಆಮೇಲೆ, ರಿಯಾಯಿತಿ ಬಂದಾಗ.