1,850 ರೂಪಾಯಿಯ ಎಸ್‌ಎಸ್‌ಡಿ ಹಾಕಿಸಿ ಆರು ವರ್ಷದ ಕೆಲಸ ಕಳೆದುಕೊಂಡೆ

ತುಮಕೂರಿನಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ. ಮದುವೆ, ಗೃಹಪ್ರವೇಶ, ನಾಮಕರಣದ ಕಾರ್ಡು, ತಿಥಿ ಪತ್ರ, ಎಲ್ಲಾ ಕೋರೆಲ್‌ಡ್ರಾದಲ್ಲಿ ನುಡಿ ಫಾಂಟ್ ಹಾಕಿ ಮಾಡುವುದು. ಲ್ಯಾಪ್‌ಟಾಪ್ 2017ರದ್ದು, ಒಳಗೆ 1 ಟಿಬಿ ಹಾರ್ಡ್ ಡಿಸ್ಕ್. ಬೆಳಿಗ್ಗೆ ಆನ್ ಮಾಡಿ ಪಕ್ಕದ ಹೋಟೆಲಿಗೆ ಹೋಗಿ ಕಾಫಿ ಕುಡಿದು ಬಂದರೂ ಇನ್ನೂ ಚಕ್ರ ತಿರುಗುತ್ತಾ ಇರುತ್ತಿತ್ತು.

ಅದರ ಬದಲು ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದೆ ಚಿಪ್‌ಗಳಲ್ಲೇ ಫೈಲ್ ಇಡುವ ಡ್ರೈವ್) ಹಾಕಿಸು ಅಂತ ಎಲ್ಲರೂ ಹೇಳಿದರು. ಆಷಾಢ, ಕೆಲಸ ಕಮ್ಮಿ. ಬೆಂಗಳೂರಿಗೆ ಹೋಗಿ ಎಸ್‌ಪಿ ರೋಡ್‌ನಲ್ಲಿ ನಾಲ್ಕು ಅಂಗಡಿ ಸುತ್ತಿದೆ. ಹೆಸರು ಕೇಳಿದ್ದ ಕಂಪನಿಯದು 3,500ರ ಮೇಲೆ ಹೇಳಿದರು. ಕೊನೇ ಅಂಗಡಿಯಲ್ಲಿ ಎಂದೂ ಕೇಳದ ಹೆಸರಿನ 512 ಜಿಬಿ ಸಾಟಾ (ಹಳೇ ಹಾರ್ಡ್ ಡಿಸ್ಕಿನ ಜಾಗಕ್ಕೇ ಕೂರುವ ಬಗೆಯ) ಡ್ರೈವ್, 1,850 ರೂಪಾಯಿ, ಮೂರು ವರ್ಷ ವಾರಂಟಿ. "ಸರ್, ಒಳಗಡೆ ಚಿಪ್ ಎಲ್ಲಾ ಒಂದೇ, ಮೇಲಿನ ಸ್ಟಿಕ್ಕರ್ ಬೇರೆ ಅಷ್ಟೇ" ಅಂದ ಹುಡುಗ. ನಂಬಿದೆ. ಅಲ್ಲ, ನಂಬಬೇಕು ಅನಿಸಿತ್ತು, ಉಳಿಯೋ ದುಡ್ಡು ಕಣ್ಣಿಗೆ ಕಾಣ್ತಿತ್ತಲ್ಲ.

ಹಾಕಿಸಿದ ಮೇಲೆ ಲ್ಯಾಪ್‌ಟಾಪ್ ಹದಿನೈದು ಸೆಕೆಂಡಿಗೆ ಆನ್. ವಿಂಡೋಸ್‌ನಲ್ಲಿ 476 ಜಿಬಿ ಅಂತ ತೋರಿಸಿದಾಗ ಮೋಸ ಹೋದೆನಾ ಅಂತ ಗಾಬರಿಯಾಗಿತ್ತು. ಆದರೆ ಅದು ಮೋಸ ಅಲ್ಲ, ಲೆಕ್ಕ ಹಾಕುವ ರೀತಿ ಬೇರೆ, ಒಳ್ಳೇ ಡ್ರೈವ್‌ನಲ್ಲೂ ಹಾಗೇ ಬರುತ್ತೆ.

ನಾನು ಗಮನಿಸಬೇಕಿದ್ದದ್ದು ಇನ್ನೊಂದಿತ್ತು. ಹಳೇ ಡಿಸ್ಕ್‌ನಿಂದ ಅಷ್ಟೂ ಫೈಲ್ ವರ್ಗಾಯಿಸಿದ ಮೇಲೆ, ಒಳಗಿನ ಒಂದು ದೊಡ್ಡ ಫೋಲ್ಡರನ್ನು ಪಕ್ಕಕ್ಕೇ ಇನ್ನೊಂದು ಕಾಪಿ ಹಾಕಿದೆ. ಶುರುವಿನಲ್ಲಿ ಜೋರಾಗಿ ಓಡಿದ್ದು, ಹತ್ತಿಪ್ಪತ್ತು ಜಿಬಿ ದಾಟಿದ್ದೇ ತಡ, ಸೆಕೆಂಡಿಗೆ 40 ಎಂಬಿಗೆ ಬಿತ್ತು. ನನ್ನ ಹಳೇ ಹಾರ್ಡ್ ಡಿಸ್ಕೇ ಅದಕ್ಕಿಂತ ವಾಸಿ! ಯಾಕೆ ಅಂತ ಆಮೇಲೆ ತಿಳಿಯಿತು. ಡ್ರೈವ್ ಒಳಗಿನ ಸ್ವಲ್ಪ ಜಾಗದಲ್ಲಿ ಒಂದು ಸೆಲ್‌ಗೆ (ಡೇಟಾ ಇಡುವ ಪುಟ್ಟ ಗೂಡಿಗೆ) ಒಂದೇ ಬಿಟ್, ಅಂದರೆ ಒಂದು 0 ಅಥವಾ 1, ಬರೆಯುತ್ತದೆ, ಅದು ಬೇಗ ಆಗುತ್ತದೆ. ಆ ಜಾಗ ತುಂಬಿತೆಂದರೆ ಒಂದೊಂದು ಸೆಲ್‌ಗೆ ಮೂರೋ ನಾಲ್ಕೋ ಬಿಟ್ ತುರುಕಬೇಕು, ಆಗ ಅಸಲಿ ವೇಗ ಹೊರಗೆ ಬೀಳುತ್ತದೆ. ಜೊತೆಗೆ ಯಾವ ಫೈಲ್ ಎಲ್ಲಿದೆ ಅನ್ನೋ ಪಟ್ಟಿ ಇಟ್ಟುಕೊಳ್ಳಲು ಬೇಕಾದ, ವೇಗದ ತಾತ್ಕಾಲಿಕ ಮೆಮೊರಿಯ ಡಿ-ರ್‍ಯಾಮ್ ಚಿಪ್ಪನ್ನೂ ಇಂಥ ಅಗ್ಗದವುಗಳಲ್ಲಿ ಹಾಕಿರುವುದಿಲ್ಲ. ಎನ್‌ವಿಎಂಇ ಅನ್ನೋ ಇನ್ನೂ ವೇಗದ ಬಗೆಯ ಡ್ರೈವ್ ಆದರೆ ಕಂಪ್ಯೂಟರಿನ ರ್‍ಯಾಮ್‌ನಲ್ಲೇ ಸ್ವಲ್ಪ ಸಾಲ ತೆಗೆದುಕೊಳ್ಳಬಹುದು, ಸಾಟಾಗೆ ಆ ಅನುಕೂಲವೂ ಇಲ್ಲ.

ಹೋಗಲಿ ಬಿಡು, ದಿನಾ ಯಾರು ಅಷ್ಟೊಂದು ಕಾಪಿ ಮಾಡ್ತಾರೆ ಅಂದುಕೊಂಡೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಇದನ್ನು ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ಬದಲಿಗೆ ಹಳೇ ಡಿಸ್ಕನ್ನು ಮುನ್ನೂರು ರೂಪಾಯಿಯ ಯುಎಸ್‌ಬಿ ಕೇಸ್‌ಗೆ ಹಾಕಿ, ಕ್ವಿಕ್ ಫಾರ್ಮ್ಯಾಟ್ ಮಾಡಿ, ಮಗನಿಗೆ ಸಿನಿಮಾ ತುಂಬಿಕೊಳ್ಳಲು ಕೊಟ್ಟುಬಿಟ್ಟೆ. ಆರು ವರ್ಷದ ಕಾರ್ಡುಗಳು ಈಗ ಒಂದೇ ಒಂದು ಕಡೆ, ಅದೂ ಹೆಸರಿಲ್ಲದ ಡ್ರೈವ್‌ನಲ್ಲಿ.

ಹತ್ತು ತಿಂಗಳು ಏನೂ ಆಗಲಿಲ್ಲ. ಅಕ್ಷಯ ತೃತೀಯದ ವಾರ, ಅಂಗಡಿ ತುಂಬ ಜನ, ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ ಹ್ಯಾಂಗ್. ಮತ್ತೆ ಆನ್ ಮಾಡಿದರೆ ಕಪ್ಪು ಪರದೆ, ಬೂಟ್ ಆಗಲು ಏನೂ ಸಿಗುತ್ತಿಲ್ಲ ಅಂತ. ಬಯಾಸ್‌ಗೆ (ವಿಂಡೋಸ್‌ಗೂ ಮುಂಚೆ ಬರುವ ಸೆಟಪ್ ಪರದೆಗೆ) ಹೋಗಿ ನೋಡಿದರೆ ಡ್ರೈವ್ ಇದೆ, ಆದರೆ ಕಂಪನಿ ಹೆಸರಿದ್ದ ಜಾಗದಲ್ಲಿ 'ಸಾಟಾಫರ್ಮ್ ಎಸ್11' ಅಂತ ಬಂದಿದೆ. ಹುಡುಕಿದರೆ ಇದೇ ಗೋಳು ಹೇಳಿಕೊಂಡವರು ಸಾಲುಸಾಲು. ಡ್ರೈವ್‌ನ ಕಂಟ್ರೋಲರ್ ಚಿಪ್‌ಗೆ ತನ್ನದೇ ಫರ್ಮ್‌ವೇರ್ (ಡ್ರೈವ್ ನಡೆಸುವ ಒಳಗಿನ ಪ್ರೋಗ್ರಾಂ) ಓದಿಕೊಳ್ಳಲು ಆಗದಿದ್ದಾಗ ಈ ಹೆಸರು ತೋರಿಸುತ್ತದಂತೆ. ಒಳಗಿನ ಡೇಟಾ ಮಾಮೂಲಿ ರೀತಿಯಲ್ಲಿ ಒಂದಕ್ಷರವೂ ಓದಲು ಬರುವುದಿಲ್ಲ.

ಹಿಂದಿನ ವಾರವಷ್ಟೇ ಡ್ರೈವ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ನೋಡಿದ್ದೆ, ಆರೋಗ್ಯ 97%, ನೀಲಿ ಬಣ್ಣ, 'ಗುಡ್'. ಹಾರ್ಡ್ ಡಿಸ್ಕ್ ಆದರೆ ಎಷ್ಟೋ ಸಲ ಸಾಯುವ ಮುಂಚೆ ಕಟಕಟ ಅಂತಾದರೂ ಅನ್ನುತ್ತೆ. ಇದು ಸುಮ್ನೆ ಹೋಯಿತು.

ಎದುರಿಗೆ ಕೂತಿದ್ದ ಗೌಡರು "ಏನ್ ಸ್ವಾಮಿ, ನಮ್ ಹುಡುಗಿ ಕಾರ್ಡಿನ ಪ್ರೂಫ್ ಇನ್ನೂ ಆಗಿಲ್ವಾ?" ಅಂತ ಮೂರನೇ ಸಲ ಕೇಳಿದರು. ಏನು ಹೇಳಲಿ! ಅವತ್ತು ರಾತ್ರಿ ಗೆಳೆಯನ ಅಂಗಡಿಯಲ್ಲಿ ಕೂತು ಹನ್ನೆರಡು ಕಾರ್ಡು ಮೊದಲಿಂದ ಮಾಡಿದೆ.

ವಾರಂಟಿ ಸಿಕ್ಕಿತು, ಸುಳ್ಳು ಹೇಳಬಾರದು. ಇಪ್ಪತ್ತು ದಿನ ಬಿಟ್ಟು ಅದೇ ಮಾಡೆಲ್‌ನ ಇನ್ನೊಂದು ಕೊಟ್ಟರು. ಡೇಟಾ ಕೇಳಿದ್ದಕ್ಕೆ ವಾರಂಟಿ ಡ್ರೈವ್‌ಗೆ ಮಾತ್ರ ಸರ್ ಅಂದರು. ಡೇಟಾ ತೆಗೆಯುವವರು ಹದಿನೆಂಟು ಸಾವಿರ ಕೇಳಿದರು, ಬಂದರೆ ಬಂತು ಅನ್ನೋ ಷರತ್ತಿನ ಮೇಲೆ.

ಎಸ್‌ಎಸ್‌ಡಿ ಹಾಕಿಸಲೇಬೇಡಿ ಅಂತ ನಾನು ಹೇಳ್ತಿಲ್ಲ. ನಾನೇ ಮತ್ತೆ ಹಾಕಿಸಿದ್ದೇನೆ, ಈ ಸಲ ಐದು ವರ್ಷ ವಾರಂಟಿ ಇರೋದು, ಎಷ್ಟು ಟಿಬಿ ಬರೆಯಬಹುದು ಅಂತ ಕಂಪನಿಯೇ ಮುದ್ರಿಸಿ ಕೊಟ್ಟಿರೋದು. ಅದೂ ಒಂದು ದಿನ ಕೈ ಕೊಡಬಹುದು, ಆದ್ದರಿಂದ ದಯವಿಟ್ಟು ಹಳೇ ಡಿಸ್ಕ್ ಅಳಿಸಬೇಡಿ. ಡ್ರಾಯರ್‌ನಲ್ಲಿ ಬಿದ್ದಿರಲಿ, ಅನ್ನ ಕೇಳುತ್ತಾ? ಹೊಸದು ತಂದ ದಿನವೇ ಎಚ್‌2ಟೆಸ್ಟ್‌ಡಬ್ಲ್ಯೂ ಅನ್ನೋ ಪರೀಕ್ಷೆಯ ಪ್ರೋಗ್ರಾಂ ಹಾಕಿ ಪೂರ್ತಿ ತುಂಬಿಸಿ ಓದಿಸಿ ನೋಡಿ, ಲಿನಕ್ಸ್‌ನಲ್ಲಿ ಎಫ್3 ಇದೆ. ವಾಪಸ್ ಕೊಡೋ ಗಡುವು ಮುಗಿಯೋದರೊಳಗೆ ಮಾಡಿ. ಒಂದೂವರೆ ಸಾವಿರಕ್ಕೆ 2 ಟಿಬಿ ಅಂತ ಮಾರುವವುಗಳಲ್ಲಿ ಕೆಲವದರ ಒಳಗೆ ಮೆಮೊರಿ ಕಾರ್ಡ್ ಅಂಟಿಸಿರುತ್ತಾರೆ, ಹೊರಗಿನಿಂದ 2 ಟಿಬಿ ಅಂತಲೇ ತೋರಿಸುತ್ತದೆ.

ಮಗನಿಂದ ಆ ಹಳೇ ಡಿಸ್ಕ್ ಕಿತ್ತುಕೊಂಡು, ಅಳಿಸಿದ ಫೈಲ್ ಹುಡುಕಿ ತೆಗೆಯುವ ಫೋಟೋರೆಕ್ ಪ್ರೋಗ್ರಾಂ ಹಾಕಿದೆ. ಸಿನಿಮಾ ಕೂತ ಜಾಗದ್ದು ಹೋಯಿತು, ಮಿಕ್ಕಿದ್ದು ಬಂತು. ಆದರೆ ಒಂದಕ್ಕೂ ಹೆಸರಿಲ್ಲ, ಎಲ್ಲಾ ಎಫ್ ಅಕ್ಷರದ ಮುಂದೆ ಬರೀ ನಂಬರು. ಯಾರ ಮದುವೆ, ಯಾರ ತಿಥಿ ಅಂತ ಒಂದೊಂದೇ ತೆರೆದು ನೋಡಿ ಹೆಸರಿಡುತ್ತಾ ಇದ್ದೇನೆ. ಹನ್ನೊಂದು ಸಾವಿರದಲ್ಲಿ ಇನ್ನೂ ನಾಲ್ಕು ಸಾವಿರ ಬಾಕಿ.